ಒಂದನೇ ಕುರ್ಚಿಯ ರಾಜರು

ಇಸ್ಪೀಟಿನ ಪೋಕರ್ ಪಂದ್ಯದಲ್ಲಿ ಅರವತ್ತೊಂದನೆಯ ಸ್ಥಾನವೆಂದರೆ ಗೆದ್ದ ಹಾಗೋ ಸೋತ ಹಾಗೋ ಎಂಬುದು ರೇನೊಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಹಣ ಕೊಡುವ ಕಿಟಕಿಯ ಮುಂದೆ ಅವನಿಗಿಂತ ಮೊದಲು ಐದು ಜನ ನಿಂತಿದ್ದರು. ಐವರೂ ಬೆಳಗಿನಿಂದ ಈಚೆಗೆ ಒಬ್ಬೊಬ್ಬರಾಗಿ ಟೇಬಲ್ಲು ಬಿಟ್ಟು ಎದ್ದು ಬಂದವರು, ಐವರ ಕೈಯಲ್ಲೂ ಹಳದಿ ಚೀಟಿ. ಗೋಡೆಯ ದೊಡ್ಡ ಪರದೆಯ ಮೇಲೆ ಪಟ್ಟಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಯುತ್ತಿತ್ತು. ನೂರ ನಲವತ್ತೆರಡನೆಯವನಿಂದ ಶುರುವಾಗಿ, ಹೆಸರು, ಊರು, ಹಣ. ತನ್ನ ಹೆಸರು ಬಂದಾಗ ರೇನೊ ಬೇರೆಲ್ಲೋ ನೋಡುತ್ತಿದ್ದವನ ಹಾಗೆ ನಟಿಸಿ ಓರೆಗಣ್ಣಲ್ಲಿ ಓದಿಕೊಂಡ: ನಜರೇನೊ ಸ್ಪಿತೇರಿ, ಸೇಂಟ್ ಆಲ್ಬನ್ಸ್, ಇಪ್ಪತ್ನಾಲ್ಕು ಸಾವಿರದ ಮುನ್ನೂರ ಐವತ್ತು ಡಾಲರ್. ಮೂವತ್ತೊಂದು ವರ್ಷ ಟ್ರಾಮು ಓಡಿಸಿದವನ ಹೆಸರನ್ನು ಯಾವ ಗೋಡೆಯೂ ಹೀಗೆ ಬರೆದುಕೊಂಡಿರಲಿಲ್ಲ. ಸಂತೋಷವಾಗಬೇಕಿತ್ತು, ಆಗುತ್ತಿರಲಿಲ್ಲ.

"ಅಯ್ಯೋ, ರಾಜರನ್ನ ಕಳ್ಕೊಂಡೋರು ನೀವೇ ಅಲ್ವಾ?" ಮುಂದೆ ನಿಂತಿದ್ದವನು ತಿರುಗಿದ. ಬಿಸಿಲಿಗೆ ಮೂಗಿನ ಚರ್ಮ ಸುಲಿದಿದ್ದ, ಚಡ್ಡಿ ಹಾಕಿದ ದಢೂತಿ ಆಸಾಮಿ. "ನಿನ್ನೆ ಫೋನಲ್ಲಿ ಓದಿದೆ ನೋಡಿ, ನನಗೇ ಹೊಟ್ಟೆ ಉರಿದು ಹೋಯ್ತು. ನಾನಾಗಿದ್ರೆ ಟೇಬಲ್ಲೇ ಎತ್ತಿ ಕವುಚಿ ಹಾಕ್ತಿದ್ದೆ. ಆ ಹೆಂಗಸಿಗೆ ಏನು ಮಾಡಿದ್ರಂತೆ?"

"ಗೊತ್ತಿಲ್ಲ," ಎಂದ ರೇನೊ.

ಗೊತ್ತಿತ್ತು. ಬೆಳಿಗ್ಗೆ ಆಟಕ್ಕೆ ಕೂರುವ ಮುಂಚೆ ಮೇಲ್ವಿಚಾರಕಿ ಬ್ರಾನ್ವಿನ್ ತಾನಾಗಿ ಬಂದು ಹೇಳಿ ಹೋಗಿದ್ದಳು: ಇವತ್ತು ನಾಲ್ಕು ಗಂಟೆಗೆ ನಿಮಗೆ ಎಲೆ ಹಂಚಿದ ಸಲೋತೆಯ ವಿಚಾರಣೆ, ಮೇಲಿನ ಕ್ಯಾಮೆರಾದಲ್ಲಿ ನಿಮ್ಮ ತೋಳೇ ಅಡ್ಡ ಬಂದು ಏನೂ ಕಾಣುತ್ತಿಲ್ಲ, ನೀವು ಬರುವುದೇನೂ ಬೇಡ, ಬರೆದುಕೊಟ್ಟ ದೂರು ಸಾಕು. ಸಾಕು ಎಂದರೆ ಅವಳನ್ನು ಕೆಲಸದಿಂದ ತೆಗೆಯಲು ಸಾಕು. ಇಂಥದ್ದೇ ಇನ್ನೊಂದು ದೂರು ಆಗಲೇ ಅವಳ ಮೇಲಿತ್ತಂತೆ. ಆಗ ರೇನೊ, ಅಷ್ಟು ದೂರ ಹೋಗಬೇಕಾ ಎಂದು ಒಂದು ಮಾತು ಆಡಿದ್ದ. ಆಡಿ, ತನ್ನ ದೊಡ್ಡ ಮನಸ್ಸನ್ನು ಬ್ರಾನ್ವಿನ್ ಗಮನಿಸಿದಳೋ ಇಲ್ಲವೋ ಎಂದು ಅವಳ ಮುಖ ನೋಡಿದ್ದ. ಆ ನೋಟ ನೆನಪಾಗಿ ಈಗ ಸಾಲಿನಲ್ಲಿ ನಿಂತಲ್ಲೇ ಅವನಿಗೆ ಕಿವಿ ಬಿಸಿಯಾಯಿತು.

ನಡೆದದ್ದು ಇಷ್ಟೇ, ಅದೂ ಮೂರು ನಿಮಿಷದೊಳಗೆ. ನಿನ್ನೆ ಮಧ್ಯಾಹ್ನ ನೂರ ನಲವತ್ತಮೂರು ಜನ ಉಳಿದಿದ್ದರು, ಹಣ ನೂರ ನಲವತ್ತೆರಡು ಜನಕ್ಕೆ. ಇನ್ನೊಬ್ಬ ಎದ್ದು ಹೋದರೆ ಉಳಿದವರಿಗೆಲ್ಲ ಕಡೇಪಕ್ಷ ಹದಿನಾರೂವರೆ ಸಾವಿರ. ಹಾಗೆ ಎದ್ದು ಹೋಗುವವನಿಗೆ, ಮೂರು ದಿನ ಕೂತದ್ದಕ್ಕೆ, ಒಂದು ಕಾಸೂ ಇಲ್ಲ. ಆ ಹೊತ್ತಿನಲ್ಲಿ ಎಲ್ಲ ಟೇಬಲ್ಲಿನವರೂ ಒಂದೊಂದೇ ಆಟ ಆಡಿ, ಉಳಿದ ಟೇಬಲ್ಲುಗಳ ಆಟ ಮುಗಿಯುವ ತನಕ ಕೈಕಟ್ಟಿ ಕಾಯಬೇಕು. ರೇನೊ ಒಂದನೇ ಕುರ್ಚಿಯಲ್ಲಿದ್ದ, ಎಲೆ ಹಂಚುವವಳ ಮಗ್ಗುಲಲ್ಲೇ. ಆ ಕುರ್ಚಿಯಲ್ಲಿ ಕೂತವರು ತಮ್ಮ ಎಲೆಗಳ ಮೇಲೆ ಏನಾದರೊಂದು ಭಾರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಂಚುವವರ ಕೈ ಆಟ ಬಿಟ್ಟವರ ಎಲೆಗಳ ಜೊತೆ ಅವನ್ನೂ ಗುಡಿಸಿಕೊಂಡು ಹೋಗುತ್ತದೆ, ಹೋದ ಮೇಲೆ ಕೇಳುವ ಹಾಗಿಲ್ಲ. ರೇನೊ ಇಡುತ್ತಿದ್ದುದು ತನ್ನ ಹಳೆಯ ಟ್ರಾಮು ಕೋಟಿನ ಹಿತ್ತಾಳೆ ಗುಂಡಿ. ಪರ್ತ್‌ನಿಂದ ಬಂದವನೊಬ್ಬ ಇದ್ದಬದ್ದ ಪಣದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ನೂಕಿದ. ಸರದಿ ರೇನೊನದು. ಎಲೆಗಳ ಮೂಲೆ ಎತ್ತಿ ನೋಡಿದ. ಆಟೀನ್ ರಾಜ. ಅದರ ಹಿಂದೆ ಕಳಾವರ್ ರಾಜ.

ಮೂರು ದಿನದಲ್ಲಿ ಅಂಥ ಎಲೆ ಒಮ್ಮೆಯೂ ಬಂದಿರಲಿಲ್ಲ. ಅವನ ಊರಿನ ಕ್ಲಬ್ಬಿನಲ್ಲಿ ಬೊಚ್ಚಿ ಚೆಂಡು ಉರುಳಿಸುವ ಮುದುಕರಿಗೂ ಗೊತ್ತು, ಎರಡು ರಾಜ ಬಂದರೆ ಹಿಂದೆಮುಂದೆ ನೋಡದೆ ಬಿಲ್ಲೆಗಳನ್ನು ನೂಕಬೇಕು. ರೇನೊ ಹಿಂದೆ ನೋಡಿದ, ಮುಂದೆಯೂ ನೋಡಿದ. ಹಿಂದೆ ಕ್ಲಬ್ಬಿನ ಹನ್ನೊಂದು ಜನ ಇದ್ದರು, ಪ್ರವೇಶದ ಹತ್ತು ಸಾವಿರದ ಆರುನೂರಕ್ಕೆ ಅವನ ಜೊತೆ ಸಮಸಮ ಪಾಲು ಹಾಕಿದವರು. ಮುಂದೆ ಖಾಲಿ ಕೈಯಲ್ಲಿ ರೈಲು ಹತ್ತುವ ತಾನು ಇದ್ದ. ಎಡಗಾಲು ನೆಲದಿಂದ ಮೇಲೆದ್ದಿತು. ಟ್ರಾಮಿನಲ್ಲಿ ಆ ಕಾಲು ಯಾವಾಗಲೂ ಒಂದು ಪೆಡಲನ್ನು ಒತ್ತಿಕೊಂಡೇ ಇರಬೇಕಿತ್ತು, ಎತ್ತಿದರೆ ಬಂಡಿ ತಾನಾಗಿ ನಿಲ್ಲುತ್ತಿತ್ತು. ಅವನ ಕೈ ಹಿತ್ತಾಳೆ ಗುಂಡಿಯನ್ನು ಎತ್ತಿಕೊಂಡಿತು. ಎರಡು ಬೆರಳು, ಆಟ ಬಿಡುವವರು ಮಾಡುವ ಹಾಗೆ, ಎರಡೂ ರಾಜರನ್ನು ಒಂದು ಗೇಣು ಮುಂದಕ್ಕೆ ತಳ್ಳಿದವು. ಸಲೋತೆಯ ಕೈ ಬಂದು ಅವನ್ನು ಸದ್ದಿಲ್ಲದೆ ಒಯ್ದಿತು. ಎದೆ ಹಗುರಾಯಿತು. ಆ ಹಗುರ ನಿಜವಾದದ್ದು, ಅದನ್ನು ಅವನು ಈಗಲೂ ಅಲ್ಲಗಳೆಯಲಾರ.

ಆಮೇಲೆ ಬಾಕ್ಸ್ ಹಿಲ್‌ನ ಗಾರೆ ಕಂಟ್ರಾಕ್ಟರನೊಬ್ಬ ತನ್ನದನ್ನೂ ನೂಕಿದ. ಇಬ್ಬರೂ ಎಲೆ ತೆರೆದರು. ಪರ್ತಿನವನದು ಎಕ್ಕ-ಗುಲಾಮ, ಕಂಟ್ರಾಕ್ಟರನದು ಬರಿಯ ಎರಡು ಒಂಬತ್ತು. ರಾಜರ ಮುಂದೆ ಎರಡೂ ಹುಲುಮಾನವರು. ಹಾಗೆ ಎಂದುಕೊಳ್ಳುವಷ್ಟರಲ್ಲಿ ರೇನೊನ ಬಾಯಿ ತೆರೆದಿತ್ತು.

"ಏಯ್! ನನ್ನ ಎಲೆ ಎಲ್ಲಿ? ನಾನು ಬಿಟ್ಟೇ ಇರ್ಲಿಲ್ಲ! ಕನ್ನಡಕ ಹುಡುಕ್ತಿದ್ದೆ, ಎತ್ಕೊಂಡೇ ಬಿಟ್ಟಳಲ್ಲ!"

"ಸಾರ್, ನೀವೇ ಮುಂದಕ್ಕೆ ತಳ್ಳಿದ್ರಿ," ಎಂದಳು ಸಲೋತೆ.

"ರಾಜರನ್ನ ಯಾರಾದ್ರೂ ತಳ್ತಾರೇನಮ್ಮಾ? ಎರಡು ರಾಜ ಇದ್ವು ನನ್ನ ಹತ್ರ!"

ಯಾರು ತಾನೇ ತಳ್ಳುತ್ತಾರೆ? ಟೇಬಲ್ಲಿನ ಉಳಿದವರೆಲ್ಲ ಪರ್ತಿನವನ ಮುಖವನ್ನೇ ನೋಡುತ್ತಿದ್ದರು, ಯಾರೂ ಕಂಡಿರಲಿಲ್ಲ. ಬ್ರಾನ್ವಿನ್ ಬಂದಳು, ಎಲೆ ಹೋದದ್ದು ಹೋಯಿತು, ಕಾಪಾಡಿಕೊಳ್ಳಬೇಕಾದವರು ನೀವೇ ಎಂದಳು. ಒಂಬತ್ತುಗಳೇ ಗೆದ್ದವು, ಪರ್ತಿನವನು ಎದ್ದು ಹೋದ, ಇಡೀ ಆಟದ ಹಾಲ್ ಹೋ ಎಂದು ಚಪ್ಪಾಳೆ ತಟ್ಟಿತು. ಆ ಗದ್ದಲದ ನಡುವೆ ಯಾರೋ ಕಾಗದ ತಂದುಕೊಟ್ಟರು, ಯಾರೋ ಪೆನ್ನು ಕೊಟ್ಟರು, ಬರೆದುಕೊಡಿ ಸಾರ್, ಸುಮ್ಮನೆ ಬಿಡಬೇಡಿ ಎಂದರು. ಎಡ ಮುಷ್ಟಿಯಲ್ಲಿ ಗುಂಡಿ ಬಿಗಿಯಾಗಿ ಹಿಡಿದುಕೊಂಡೇ ರೇನೊ ಬಲಗೈಯಲ್ಲಿ ಬರೆದ: ಗುಂಡಿ ಇಡಲು ಮರೆತಿದ್ದೆ, ಎಲೆ ಬಿಟ್ಟಿರಲಿಲ್ಲ. ಸಲೋತೆಯನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಿದರು. ಏಳುವಾಗ ಅವಳು ಅಲ್ಲಿನ ಪದ್ಧತಿಯಂತೆ ಎರಡೂ ಅಂಗೈ ಒಂದಕ್ಕೊಂದು ಉಜ್ಜಿ, ಅಂಗಾತ ಮಾಡಿ, ಮೇಲಿನ ಕ್ಯಾಮೆರಾಕ್ಕೆ ತೋರಿಸಿದಳು. ಏನನ್ನೂ ಒಯ್ಯುತ್ತಿಲ್ಲ ಎಂದು. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ನಿನ್ನೆ ಮಾತ್ರ ಎರಡು ಸಲ ಮಾಡಿದಳು.

"ಮುಂದೆ ಬನ್ನಿ," ಎಂದಿತು ಕಿಟಕಿ.

ಮುಂದಿನವನು ಚೆಕ್ಕಿಗೆ ಮುತ್ತಿಟ್ಟು ಹೊರಟುಹೋಗಿದ್ದ. ರೇನೊ ಚೀಟಿ ಕೊಟ್ಟ, ಗುರುತಿನ ಕಾರ್ಡು ಕೊಟ್ಟ. ಮೊದಲು ಹೇಳಿ ಆಮೇಲೆ ಸಹಿ ಮಾಡಬೇಕು ಎಂದು ಸಾಲಿನುದ್ದಕ್ಕೂ ಅಂದುಕೊಂಡು ಬಂದಿದ್ದ. ಹೇಳಿದರೆ ಹಣ ತಡೆಹಿಡಿದರೆ? ಅದು ತನ್ನೊಬ್ಬನದಲ್ಲವಲ್ಲ, ಹನ್ನೆರಡು ಜನರದು, ಒಬ್ಬೊಬ್ಬರಿಗೂ ಎರಡು ಸಾವಿರ ಚಿಲ್ಲರೆ ಬರುತ್ತದೆ, ಮುದುಕ ವಿಚಿ ಆಗಲೇ ಹಲ್ಲಿನ ಡಾಕ್ಟರಿಗೆ ಹೇಳಿಟ್ಟಿದ್ದಾನೆ. ಇಷ್ಟು ಒಳ್ಳೆಯ ಕಾರಣ ಇಷ್ಟು ಬೇಗ ಸಿಕ್ಕಿದ್ದು ನೋಡಿ ಅವನಿಗೇ ಅನುಮಾನವಾಯಿತು. ಕಾರಣಗಳ ವಿಷಯದಲ್ಲಿ ಅವನು ಮೊದಲಿನಿಂದಲೂ ಅನುಕೂಲಸ್ಥ. ಸಹಿ ಮಾಡಿದ. ಚೆಕ್ಕನ್ನು ಎದೆಯ ಜೇಬಿಗೆ ಇಳಿಸಿ, ಯಾರ ಕಣ್ಣಿಗೂ ಬೀಳದೆ ನದಿಯ ಕಡೆಯ ಬಾಗಿಲಿನಿಂದ ಹೊರಬಂದ.

ಹೊರಗೆ ಜನವರಿಯ ಬಿಸಿಲು ನೆಲಕ್ಕೆ ಬಿದ್ದು ಕಣ್ಣಿಗೆ ಎರಚುತ್ತಿತ್ತು. ಯಾರಾ ನದಿ ಎಂದಿನಂತೆ ಕಲಕಿದ ಚಹಾದ ಬಣ್ಣದಲ್ಲಿ ಹೋಗುತ್ತಿತ್ತು. ಕಟ್ಟೆಯ ಮೇಲೆ ಕೂತು ಗುಂಡಿಯನ್ನು ಜೇಬಿನಿಂದ ತೆಗೆದ. ಈ ಕೋಟು ಹಾಕಿಕೊಂಡಿದ್ದ ಕಾಲದಲ್ಲಿ ಅವನ ಬಂಡಿಯ ಕಂಡಕ್ಟರು ಲೆಸ್ಲಿ ಹಾಪ್‌ಗುಡ್. ಹಿಂದಿನಿಂದ ಲೆಸ್ಲಿ ಹಗ್ಗ ಎಳೆದು ಎರಡು ಗಂಟೆ ಬಾರಿಸಿದರೆ ಹೊರಡಬೇಕು. ಸಿಡ್ನಿ ರೋಡಿನಲ್ಲಿ ಒಂದು ಶನಿವಾರ ರೇನೊ ಗಂಟೆಗೆ ಕಾಯದೆ ಹೊರಟ. ಇಳಿಯುತ್ತಿದ್ದ ಮುದುಕಿ ಬಿದ್ದಳು, ಅವಳ ಚೀಲದ ಕಿತ್ತಳೆಗಳು ಹಳಿಯುದ್ದಕ್ಕೂ ಉರುಳಿದವು, ಸೊಂಟದ ಮೂಳೆ ಮುರಿದಿತ್ತು. ಕೇಳಿದಾಗ ಅವನ ಬಾಯಿ ಹೀಗೇ ತಾನಾಗಿ ತೆರೆದು, ಎರಡು ಗಂಟೆ ಕೇಳಿಸಿತು ಎಂದಿತ್ತು. ಲೆಸ್ಲಿಯನ್ನು ಡಿಪೊ ಗುಡಿಸುವ ಕೆಲಸಕ್ಕೆ ಹಾಕಿದರು. ಅವನು ಜಗಳ ಮಾಡಲಿಲ್ಲ. ದಿನಾ ಬೆಳಿಗ್ಗೆ ಪೊರಕೆ ಹಿಡಿದು ನಿಂತು, "ಹೊರಡಬಹುದಾ ರೇನೊ? ಗಂಟೆ ಹೊಡೀಲಾ?" ಎಂದು ನಗುತ್ತಿದ್ದ. ಅವನು ಸತ್ತಾಗ ಹೆಣದ ಪೆಟ್ಟಿಗೆಗೆ ರೇನೊ ಹೆಗಲು ಕೊಟ್ಟಿದ್ದ, ಲೆಸ್ಲಿಯ ಹೆಂಡತಿಗೆ ಹೂವು ಕಳಿಸಿದ್ದ. ಹೂವು ಕಳಿಸುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ.

ಸಲೋತೆಯನ್ನು ಅವನು ಟೇಬಲ್ಲಿನಾಚೆಗೂ ನೋಡಿದ್ದ. ಅವಳು ರೈಲು ಹತ್ತುವುದು ಸನ್‌ಶೈನ್ ಸ್ಟೇಷನ್ನಿನಲ್ಲಿ, ಭಾನುವಾರ ತೊಂಗಾ ದ್ವೀಪದವರ ರೀತಿಯಲ್ಲಿ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಚರ್ಚಿಗೆ ಹೊರಡುವಾಗ. ಒಂದು ಸಲ ರೈಲಿನಲ್ಲಿ ಅವಳು ಬಾಗಿಲ ಬಳಿ ನಿಂತು, ಪಕ್ಕದವರ ಮಗುವಿಗೆ ಬೆರಳುಗಳಿಂದ ಏನೋ ಆಟ ತೋರಿಸುತ್ತಿದ್ದಳು, ನಾಣ್ಯ ಮಾಯ ಮಾಡಿ ಮತ್ತೆ ತರುವುದು. ಅವಳ ಕೈ ಅಷ್ಟು ಚೆಂದ. ನಾಲ್ಕಕ್ಕೆ ಇನ್ನು ನಲವತ್ತು ನಿಮಿಷ ಇತ್ತು. ರೇನೊ ಎದ್ದು ಸ್ಟೇಷನ್ನಿನ ಕಡೆಗೆ ಸೇತುವೆಯ ತನಕ ನಡೆದ. ಸೇತುವೆಯ ನಡುವೆ ನಿಂತ. ಹನ್ನೊಂದು ಜನಕ್ಕೆ ಏನೆಂದು ಹೇಳುವುದು? ನಿಮ್ಮ ದುಡ್ಡಿನಲ್ಲಿ ಕೂತು ಎರಡು ರಾಜರನ್ನು ಹೆದರಿ ಬಿಟ್ಟೆ ಎಂದೇ? ಕ್ಲಬ್ಬಿನಲ್ಲಿ ನಿನ್ನೆಯಿಂದ ಅವನೊಬ್ಬ ದೊಡ್ಡ ಮನುಷ್ಯನಾಗಿದ್ದ, ಅನ್ಯಾಯವಾದರೂ ತಲೆಕೆಡಿಸಿಕೊಳ್ಳದೆ ಅರವತ್ತೊಂದರ ತನಕ ಹೋರಾಡಿದವನು. ಸಾಯುವ ತನಕ ಅವನನ್ನು ಹಾಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಪ್ರತಿಸಲವೂ ಅವನು ಆ ಹೆಂಗಸಿನ ಕೈಯನ್ನು ಬೈಯಬೇಕಾಗುತ್ತದೆ. ಇಷ್ಟು ಯೋಚಿಸುವಾಗ ಅವನಿಗೆ ಮರುಕ ಹುಟ್ಟಲಿಲ್ಲ, ಸುಸ್ತಾಯಿತು. ಹಾಗೇ ಬೈದುಕೊಂಡೇ ಇರುವುದು ತನ್ನಿಂದ ಆಗದು ಅನ್ನಿಸಿತು. ತಿರುಗಿದ.

ಬ್ರಾನ್ವಿನ್ ತನ್ನ ಸಣ್ಣ ಕೋಣೆಯಲ್ಲಿ ನಿಂತುಕೊಂಡೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಎತ್ತರದ ಹೆಂಗಸು, ಕತ್ತಿನಲ್ಲಿ ಗುರುತಿನ ಚೀಟಿ, ಬಾಯಿ ತುಂಬ ಮೊಟ್ಟೆ.

"ನಾನೇ ಬಿಟ್ಟೆ," ಎಂದ ರೇನೊ.

"ಏನನ್ನ?"

"ರಾಜರನ್ನ. ನಿನ್ನೆ. ಗುಂಡಿ ಎತ್ತಿ, ನಾನೇ ಮುಂದಕ್ಕೆ ತಳ್ಳಿದೆ. ಅವಳದೇನೂ ತಪ್ಪಿಲ್ಲ. ನಾನು ಬರೆದದ್ದು ಸುಳ್ಳು."

ಬ್ರಾನ್ವಿನ್ ಅಗಿಯುವುದನ್ನು ನಿಲ್ಲಿಸಿದಳು. ಅವನ ಜೇಬಿನಿಂದ ಇಣುಕುತ್ತಿದ್ದ ಚೆಕ್ಕಿನ ಅಂಚನ್ನು ನೋಡಿದಳು.

"ಹಣ ಇಸ್ಕೊಂಡಾಯ್ತಾ?"

"ಆಯ್ತು."

"ಮೊದಲು ಅದು, ಆಮೇಲೆ ಇದು."

"ಹೌದು."

"ಪರವಾಗಿಲ್ಲ, ಇದೊಂದಾದ್ರೂ ನಿಜ ಹೇಳಿದ್ರಿ," ಎಂದು ಅವಳು ಸ್ಯಾಂಡ್‌ವಿಚ್ ಕೆಳಗಿಟ್ಟು ಕಾಗದ ತೆಗೆದಳು. "ಕೂತ್ಕೊಳ್ಳಿ. ಎಲ್ಲಾ ಬರೀರಿ. ಯಾಕೆ ಬಿಟ್ರಿ ಅನ್ನೋದನ್ನೂ ಬರೀರಿ. ಇಲ್ಲಾಂದ್ರೆ ಮೇಲಿನವರು ನಂಬಲ್ಲ. ರಾಜರನ್ನ ಯಾರು ಬಿಡ್ತಾರೆ?"

ಅವನು ಬರೆದ. ಹೆದರಿಕೆ ಎಂಬ ಮಾತಿಗೆ ಬಂದು ಪೆನ್ನು ನಿಂತಿತು. ಬೇರೆ ಮಾತುಗಳನ್ನು ಹುಡುಕಿದ. ಮುಂಜಾಗ್ರತೆ, ಲೆಕ್ಕಾಚಾರ. ಯಾವುದೂ ಕೂರಲಿಲ್ಲ. ಹೆದರಿಕೆ ಎಂದೇ ಬರೆದು ಕೆಳಗೆ ಹೆಸರು ಹಾಕಿದ. ಬ್ರಾನ್ವಿನ್ ಓದಿಕೊಂಡು, ಸುಳ್ಳು ದೂರಿಗೆ ಒಂದು ವರ್ಷ ಈ ಹಾಲ್‌ನೊಳಗೆ ಕಾಲಿಡುವ ಹಾಗಿಲ್ಲ, ಗೆದ್ದ ಹಣಕ್ಕೆ ತೊಂದರೆಯಿಲ್ಲ, ನಿನ್ನೆಯ ಸುದ್ದಿಯನ್ನು ಇವತ್ತೇ ತಿದ್ದಿ ಹಾಕುತ್ತಾರೆ ಎಂದಳು.

"ಹೆಸರು ಸಮೇತಾನಾ?"

"ನಿನ್ನೆ ಹೆಸರು ಸಮೇತ ಹಾಕಿದಾಗ ಖುಷಿಯಾಗಿತ್ತಲ್ಲ?"

ಹೊರಗಿನ ಬೆಂಚಿನ ಮೇಲೆ ಅವನು ಕಾದು ಕೂತ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಸಲೋತೆ ಬಂದು, ಅವನ ಕಡೆ ನೋಡದೆ ಒಳಗೆ ಹೋದಳು. ಇಸ್ತ್ರಿ ಮಾಡಿದ ಕಪ್ಪು ಅಂಗಿ, ತುರುಬಿಗೆ ಬಾಚಣಿಗೆ. ಬಾಗಿಲು ಮುಚ್ಚಿತು. ಫೋನು ಹೊಡೆದುಕೊಂಡಿತು. ಹೆಂಡತಿಯ ತಮ್ಮ ಚೆನ್ಸು, ಕ್ಲಬ್ಬಿನಿಂದ. ಹಿಂದೆ ಲೋಟಗಳ ಸದ್ದು, ಹತ್ತಾರು ಗಂಟಲು.

"ಭಾವಾ, ಇದೇನು ಹಾಕಿದ್ದಾರೆ ಇಲ್ಲಿ? ಈಗಷ್ಟೇ ಬಂತು. ನೀನೇ ಬಿಟ್ಟೆ ಅಂತ ಬರೆದಿದ್ದಾರೆ. ಬಾಯಿಗೆ ಬಂದದ್ದು ಬರೀತಾರೆ ನನ್ಮಕ್ಕಳು. ಫೋನ್ ಮಾಡಿ ಬೈಲಾ?"

"ಬೇಡ ಚೆನ್ಸು. ನಿಜ ಅದು."

ಆ ಕಡೆ ಲೋಟಗಳ ಸದ್ದು ನಿಂತಿತು. ಎಲ್ಲರಿಗೂ ಕೇಳಿಸುವ ಹಾಗೆ ಫೋನು ಇಟ್ಟಿದ್ದಾನೆಂದು ರೇನೊಗೆ ಹೊಳೆಯಿತು. ಈಗ ಹೊಳೆದು ಪ್ರಯೋಜನವಿರಲಿಲ್ಲ.

"ಎರಡು ರಾಜ ಇಟ್ಕೊಂಡು ಬಿಟ್ಟೆಯಾ?"

"ಬಿಟ್ಟೆ."

"ಯಾಕೋ ಭಾವಾ?"

"ಹೆದರಿಕೆಯಾಯ್ತು. ಬರಿಗೈಲಿ ನಿಮ್ಮ ಮುಖ ಹೇಗೆ ನೋಡ್ಲಿ ಅಂತ."

ಆಮೇಲೆ ಯಾರದೋ ಹಳೆಯ, ಕಫ ಕಟ್ಟಿದ ಗಂಟಲು, ಹಲ್ಲಿಲ್ಲದ ವಿಚಿಯದು: "ಅಯ್ಯೋ ಹುಚ್ಚಪ್ಪಾ! ನಾವಿಲ್ಲಿ ಹನ್ನೊಂದು ಜನ ನಿನ್ನೆ ಪಂದ್ಯದ ಸುದ್ದಿ ಬರೋ ಫೋನು ಮುಂದಿಟ್ಕೊಂಡು, ಮಾತೆ ಮೇರಿ, ಇವನ ಕೈಗೆ ಏನೇ ಬರ್ಲಿ ಬಿಟ್ಟುಬಿಡೋ ಹಾಗೆ ಮಾಡವ್ವಾ ಅಂತ ಮೊಂಬತ್ತಿ ಹಚ್ಚಿದ್ವಲ್ಲೋ!" ಯಾರೋ ಮೇಜು ಗುದ್ದಿದರು. ನಗು ಒಂದು ಕಡೆಯಿಂದ ಎದ್ದು ಇಡೀ ಕ್ಲಬ್ಬನ್ನೇ ಹಿಡಿದುಕೊಂಡಿತು. "ರಾಜರನ್ನ ಬಿಟ್ಟನಂತೆ!" "ಇವನು ಟ್ರಾಮ್ನೂ ಹಿಂಗೇ ಓಡಿಸ್ತಿದ್ದ, ಹಸಿರು ದೀಪಕ್ಕೂ ನಿಲ್ತಿದ್ದ!" "ಬಾರೋ ಬೇಗ, ತಿನ್ನೋಕಿಟ್ಟ ಪಸ್ತಿತ್ಸಿ ಆರಿಹೋಗುತ್ತೆ!" ಇನ್ನು ಸಾಯುವ ತನಕ ಇದನ್ನು ಹೇಳಿ ನಗುತ್ತಾರೆ, ಹೊಸದಾಗಿ ಬಂದವರಿಗೆಲ್ಲ ತೋರಿಸಿ ಹೇಳುತ್ತಾರೆ. ರೇನೊನ ಕಣ್ಣಲ್ಲಿ ನೀರು ಬಂದಿತ್ತು, ನಗುವಿನದೋ ಏನೋ.

ಚೆನ್ಸು ಮಾತ್ರ ಕೊನೆಗೆ ಫೋನು ಕಿವಿಗಿಟ್ಟುಕೊಂಡು ಮೆಲ್ಲಗೆ ಕೇಳಿದ. "ಆ ಹೆಂಗಸು?"

"ಒಳಗಿದ್ದಾಳೆ. ಬರ್ತಾಳೆ ಈಗ."

"ಅವಳ ಹತ್ರ ಸರಿಯಾಗಿ ಮಾತಾಡು. ನಿನ್ನೆ ನಾನು ಅವಳಿಗೆ ಏನೇನೆಲ್ಲ ಅಂದ್ನೋ."

ಬಾಗಿಲು ತೆರೆಯಿತು. ಸಲೋತೆ ಹೊರಗೆ ಬಂದು ಅವನ ಮುಂದೆ ನಿಂತಳು. ರೇನೊ ಎದ್ದ. ಜೇಬಿನ ಚೆಕ್ಕಿನಲ್ಲಿ ಅವಳಿಗೂ ಒಂದಿಷ್ಟು ಕೊಡಬೇಕೆಂದು ಬೆಂಚಿನ ಮೇಲೆ ಕೂತಾಗ ಯೋಚಿಸಿದ್ದ. ಅದೂ ಹೂವು ಕಳಿಸಿದ ಹಾಗೇ ಎಂದು ಈಗ ತಿಳಿದು, ಜೇಬಿನತ್ತ ಹೋಗಿದ್ದ ಕೈಯನ್ನು ಕೆಳಗೆ ಬಿಟ್ಟ.

"ನನ್ನಿಂದ ತಪ್ಪಾಯ್ತು," ಎಂದ.

ಅವಳು ತಲೆಯಾಡಿಸಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಹತ್ತೊಂಬತ್ತು ವರ್ಷ ಆಯ್ತು ಸಾರ್ ನಾನು ಎಲೆ ಹಂಚೋಕೆ ಶುರು ಮಾಡಿ," ಎಂದಳು. "ಕೆಲಸ ಹೋಗುತ್ತೆ ಅಂತ ಅಷ್ಟು ಚಿಂತೆ ಆಗ್ಲಿಲ್ಲ. ಇನ್ನೊಂದು ಸಿಗುತ್ತೆ. ನಿನ್ನೆಯಿಂದ ನನ್ನ ಕೈಗಳನ್ನೇ ನೋಡ್ಕೊಂಡು ಕೂತಿದ್ದೆ. ನೀವು ತಳ್ಳಿದ್ದು ನಾನು ನೋಡಿದ್ದೆ. ಆದ್ರೆ ಅಷ್ಟು ಜನ ನೋಡಿಲ್ಲ ಅಂದಾಗ, ನಾನೇ ತಪ್ಪು ನೋಡಿರ್ಬೇಕು, ನನಗೆ ವಯಸ್ಸಾಯ್ತು, ಕೈ ನನ್ನ ಮಾತು ಕೇಳ್ತಿಲ್ಲ ಅನ್ಕೊಂಡೆ. ಬೆಳಿಗ್ಗೆ ಟೀ ಲೋಟ ಎತ್ತೋಕೂ ಅನುಮಾನ."

ರೇನೊ ಅವಳ ಕೈಗಳನ್ನು ನೋಡಿದ.

"ಒಂದು ಕೇಳ್ಲಾ?" ಎಂದಳು. "ನಿಜವಾಗ್ಲೂ ರಾಜರೇನಾ?"

"ರಾಜರೇ."

"ಎರಡೂ?"

"ಎರಡೂ."

ಸಲೋತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. ನಗು ನಿಲ್ಲಲಿಲ್ಲ, ಬೆರಳುಗಳ ಸಂದಿಯಿಂದ ಹೊರಗೆ ಬಂತು, ಭುಜ ಕುಲುಕಿತು, ತುರುಬಿನ ಬಾಚಣಿಗೆ ಸಡಿಲಾಯಿತು. "ಅಯ್ಯೋ ದೇವರೇ," ಎಂದಳು, "ಅಯ್ಯೋ ನನ್ನಪ್ಪಾ. ಭಾನುವಾರ ಚರ್ಚಿನಲ್ಲಿ ಇದನ್ನ ಹೇಗೆ ತಡ್ಕೊಳ್ಲಿ ನಾನು." ಬಾಚಣಿಗೆ ಸರಿಮಾಡಿಕೊಂಡು, ಕ್ಷಮಿಸಿದೆ ಎಂದೇನೂ ಹೇಳದೆ, ಇಪ್ಪತ್ತೇಳನೇ ಟೇಬಲ್ಲಿಗೆ ಹೊತ್ತಾಯಿತೆಂದು ಹೊರಟುಹೋದಳು.

ಹಾಲ್‌ನ ಬಾಗಿಲಿಗೆ ಕೆಂಪು ಹಗ್ಗ ಕಟ್ಟಿತ್ತು. ಇನ್ನೊಂದು ವರ್ಷ ರೇನೊಗೆ ಅದರಾಚೆ ಹೋಗುವ ಹಾಗಿರಲಿಲ್ಲ. ಈಚೆ ನಿಂತು ನೋಡಿದ. ಸಲೋತೆ ಕೂತಳು, ಎಲೆಗಳನ್ನು ಹಸಿರು ಬಟ್ಟೆಯ ಮೇಲೆ ಒಂದೇ ಬೀಸಿನಲ್ಲಿ ಹರಡಿದಳು, ಮತ್ತೆ ಒಂದೇ ಬೀಸಿನಲ್ಲಿ ಒಟ್ಟು ಮಾಡಿದಳು. ಒಂದು ಎಲೆಯೂ ಅತ್ತಿತ್ತ ಸರಿಯಲಿಲ್ಲ. ಒಂದನೇ ಕುರ್ಚಿಯಲ್ಲಿ ಯಾರೋ ಮುದುಕ ತನ್ನ ಎಲೆಗಳ ಮೇಲೆ ಒಂದು ಕಲ್ಲು ಇಟ್ಟುಕೊಂಡ. ರೇನೊ ಹಿತ್ತಾಳೆ ಗುಂಡಿಯನ್ನು ಜೇಬಿಗೆ ಹಾಕಿದ. ಅವನ ಎರಡೂ ಕೈ ತಾವಾಗಿ ಒಂದಕ್ಕೊಂದು ಉಜ್ಜಿಕೊಂಡು ಅಂಗಾತವಾದವು. ಒಂದು ಸಲ, ಅಷ್ಟೇ ಸಾಕಾಯಿತು.

ಹಗ್ಗದ ಬಳಿಯ ಕಾವಲಿನವನು ಹತ್ತಿರ ಬಂದ. "ಏನಾದ್ರೂ ಬೇಕಿತ್ತಾ ಗುರೂ?"

"ಇಲ್ಲ," ಎಂದ ರೇನೊ, ಕೈ ಇನ್ನೂ ಹಾಗೇ ಹಿಡಿದುಕೊಂಡು. "ನೋಡು, ಏನೂ ಇಲ್ಲ."